ಮೊದಲ ಮಹಿಳಾ ವಿಶ್ವಕಪ್‌ಗೆ ದುಡ್ಡು ಕೊಟ್ಟ ಜ್ಯಾಕ್ ಹೇವರ್ಡ್: ದಾನಿಯೋ, ಶೋಕಿಲಾಲನೋ?

ಥರ್ಡ್ ಮ್ಯಾನ್:
ಗಂಡಸರ ಕ್ರಿಕೆಟ್ ವಿಶ್ವಕಪ್ 1975ರಲ್ಲಿ ಶುರುವಾಯಿತು, ಮಹಿಳೆಯರದ್ದು 1973ರಲ್ಲೇ. ಇದು ಕ್ವಿಜ್‌ನಲ್ಲಿ ಸವೆದುಹೋದ ಪ್ರಶ್ನೆ. ಆದರೆ ಆ ಮೊದಲ ಟೂರ್ನಿ ಇಂಗ್ಲೆಂಡ್‌ನಲ್ಲಿ ನಡೆದದ್ದು, ಬಹಾಮಾಸ್‌ನಲ್ಲಿ ನೆಲೆಸಿದ್ದ ಜ್ಯಾಕ್ ಹೇವರ್ಡ್ ಅನ್ನುವ ಇಂಗ್ಲಿಷ್ ಸಾಹುಕಾರನ ದುಡ್ಡಿನಿಂದ ಅಂತ ಈಗ ಓದಿದೆ. ಹುಡುಕುತ್ತಾ ಹೋದರೆ ಈತ ಒಂದು ದ್ವೀಪಕ್ಕೆ ದುಡ್ಡು ಕೊಟ್ಟಿದ್ದಾನೆ, ಮುಳುಗಿಸಿದ್ದ ಹಡಗನ್ನು ಎತ್ತಿಸಿದ್ದಾನೆ, ಫುಟ್‌ಬಾಲ್ ಕ್ಲಬ್ ಕೊಂಡಿದ್ದಾನೆ. ಒಂದಕ್ಕೊಂದು ಸಂಬಂಧವೇ ಇಲ್ಲ. ನಿಜಕ್ಕೂ ದಾನಿಯಾ, ಇಲ್ಲ ದುಡ್ಡು ಜಾಸ್ತಿಯಾಗಿ ಮನಸ್ಸಿಗೆ ಬಂದಿದ್ದೆಲ್ಲ ಮಾಡಿದ ಶೋಕಿಲಾಲನಾ? ಗೊತ್ತಿದ್ದವರು ಸ್ವಲ್ಪ ಹೇಳಿ.

ಹಳೇ ಸ್ಕೋರರ್:
ಕೊಟ್ಟದ್ದು 40,000 ಪೌಂಡ್. ಆ ಕಾಲಕ್ಕೆ ಸಣ್ಣ ಮೊತ್ತ ಅಲ್ಲ. ಇಂಗ್ಲೆಂಡ್ ನಾಯಕಿ ರೇಚೆಲ್ ಹೇಹೋ ಫ್ಲಿಂಟ್ ಮತ್ತು ಈತ ಇಬ್ಬರದ್ದೂ ವುಲ್ವರ್‌ಹ್ಯಾಂಪ್ಟನ್ ಊರು. ಅವರ ತಂಡ ವೆಸ್ಟ್ ಇಂಡೀಸ್ ಪ್ರವಾಸ ಹೋದಾಗಲೂ ಈತನೇ ಖರ್ಚಿಗೆ ಕೊಟ್ಟಿದ್ದ. 1971ರಲ್ಲಿ ಒಂದು ಸಂಜೆ ಇಬ್ಬರೂ ಮಾತಾಡುತ್ತಾ ಕೂತಾಗ ವಿಶ್ವಕಪ್ ಮಾಡಿದರೆ ಹೇಗೆ ಅಂತ ಬಂತು, ಮಾಡೇಬಿಟ್ಟರು. ಏಳು ತಂಡ ಸೇರಿಸಲು ಎಷ್ಟು ಒದ್ದಾಡಿದ್ದರು ನೋಡಿ: ಇಂಗ್ಲೆಂಡ್ ಜೊತೆಗೆ ಯಂಗ್ ಇಂಗ್ಲೆಂಡ್ ಅಂತ ಇನ್ನೊಂದು, ಜಮೈಕಾ ಬೇರೆ, ಟ್ರಿನಿಡಾಡ್ ಬೇರೆ, ಉಳಿದವರನ್ನು ಸೇರಿಸಿ ಇಂಟರ್‌ನ್ಯಾಷನಲ್ ಇಲೆವೆನ್! ಭಾರತ ಇರಲಿಲ್ಲ, 1978ರಲ್ಲಿ ಎರಡನೇ ವಿಶ್ವಕಪ್ ಇಲ್ಲೇ ನಡೆದಾಗ ಆಡಿತು. ಮೊದಲ ದಿನದ ಪಂದ್ಯ ಮಳೆಗೆ ಹೋಯಿತು. ಫೈನಲ್ ಅಂತ ಬೇರೆ ಪಂದ್ಯವೇ ಇರಲಿಲ್ಲ, ಆದರೆ ಜುಲೈ 28ಕ್ಕೆ ಎಜ್‌ಬಾಸ್ಟನ್‌ನಲ್ಲಿ ನಡೆದ ಇಂಗ್ಲೆಂಡ್–ಆಸ್ಟ್ರೇಲಿಯಾ ಪಂದ್ಯವೇ ಕಪ್ ಯಾರಿಗೆ ಅಂತ ತೀರ್ಮಾನಿಸಿತು. ಈನಿಡ್ ಬೇಕ್‌ವೆಲ್ 118 ಹೊಡೆದರು, ಇಂಗ್ಲೆಂಡ್ 92 ರನ್‌ಗಳಿಂದ ಗೆದ್ದಿತು. ಶೋಕಿಯೇ ಇರಲಿ, ಇಂಥ ಶೋಕಿ ಇನ್ನೂ ನಾಲ್ಕು ಜನಕ್ಕೆ ಬರಲಿ ಅಂತೀನಿ.

ಉಕ್ಕಿನ ಹಡಗು:
ಹಡಗಿನ ಕಥೆ ಇನ್ನೂ ಮಜವಾಗಿದೆ. ಎಸ್‌ಎಸ್ ಗ್ರೇಟ್ ಬ್ರಿಟನ್ ಅಂದರೆ ಬ್ರುನೆಲ್ ಅನ್ನುವ ಹೆಸರಾಂತ ಎಂಜಿನಿಯರ್ ಕಟ್ಟಿದ್ದು, 1843ರಲ್ಲಿ ಬ್ರಿಸ್ಟಲ್‌ನಲ್ಲಿ ನೀರಿಗಿಳಿದದ್ದು, ಕಬ್ಬಿಣದ ಮೈ ಮತ್ತು ಸ್ಕ್ರೂ ಪ್ರೊಪೆಲರ್ ಎರಡೂ ಇದ್ದ ಮೊದಲ ದೊಡ್ಡ ಸಾಗರ ಹಡಗು. ಕೊನೆಗೆ ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲೆಂಡ್ ದ್ವೀಪಗಳಲ್ಲಿ ಉಣ್ಣೆ, ಕಲ್ಲಿದ್ದಲು ತುಂಬಿಡುವ ಗೋದಾಮಾಗಿ, 1937ರಲ್ಲಿ ಅದಕ್ಕೂ ಬೇಡವಾಗಿ ಸ್ಪ್ಯಾರೋ ಕೋವ್ ಅನ್ನುವ ಕಡೆ ತೂತು ಕೊರೆದು ಕೂರಿಸಿಬಿಟ್ಟಿದ್ದರು. ಯುವಾನ್ ಕಾರ್ಲೆಟ್ ಅನ್ನುವ ಹಡಗು ಎಂಜಿನಿಯರ್ 1967ರಲ್ಲಿ ಪತ್ರಿಕೆಗೆ ಬರೆದು ಇದನ್ನು ಉಳಿಸಿ ಅಂತ ಕೇಳಿಕೊಂಡರು. ಎಲ್ಲರೂ ಹೌದು ಹೌದು ಅಂದರು, ಎತ್ತಿ ತರುವ ಖರ್ಚಿಗೆ ನಿಂತದ್ದು ಹೇವರ್ಡ್, 1,50,000 ಪೌಂಡ್. 1970ರಲ್ಲಿ ಎತ್ತಲು ಹೋದರೆ ಬಲಗಡೆ ಮೈ ಸೀಳಿಕೊಂಡಿತ್ತು, ಮನುಷ್ಯ ನುಗ್ಗುವಷ್ಟು. ಅದಕ್ಕೆ ಸ್ಟಾನ್ಲಿ ಊರಿನವರ ಮನೆಗಳಿಂದ ಹಳೆ ಹಾಸಿಗೆಗಳನ್ನು ತರಿಸಿ ತುರುಕಿದರು! ಆಮೇಲೆ ನೀರು ಹೊರಗೆ ಪಂಪ್ ಮಾಡಿ, ಮುಳುಗಿಸಿ ಎಬ್ಬಿಸಬಹುದಾದ ತೆಪ್ಪದಂಥ ಪಾಂಟೂನ್ ಮೇಲೆ ಏರಿಸಿ, ಅಟ್ಲಾಂಟಿಕ್ ಉದ್ದಕ್ಕೂ ಟಗ್‌ನಲ್ಲಿ ಎಳೆದುಕೊಂಡು ಬಂದರು. ಜುಲೈ 19ಕ್ಕೆ, ಅಂದರೆ ನೀರಿಗಿಳಿದು ಸರಿಯಾಗಿ 127 ವರ್ಷಕ್ಕೆ, ಅದು ಹುಟ್ಟಿದ ಡಾಕ್‌ಗೇ ಒಳಗೆ ಹೋಯಿತು. ಚೇ ಬ್ಲೈತ್ ಅನ್ನುವ ನಾವಿಕ 1973–74ರ ವಿಟ್‌ಬ್ರೆಡ್ ರೇಸ್‌ನಲ್ಲಿ (ಹಾಯಿದೋಣಿಗಳಲ್ಲಿ ಪ್ರಪಂಚ ಸುತ್ತುವ ಪಂದ್ಯ) ಓಡಿಸಿದ ಗ್ರೇಟ್ ಬ್ರಿಟನ್ ಟೂ ದೋಣಿಗೂ ಈತನದ್ದೇ ದುಡ್ಡು. ಹೆಸರು ನೋಡಿದರೇ ಗೊತ್ತಾಗುತ್ತೆ, ಸುಮ್ನೆ ಅಲ್ಲ ಜನ ಈತನನ್ನು 'ಯೂನಿಯನ್ ಜ್ಯಾಕ್' (ಬ್ರಿಟಿಷ್ ಬಾವುಟದ ಹೆಸರು) ಅಂತ ಕರೆದದ್ದು.

ಲೆಕ್ಕ ಪಕ್ಕಾ:
ಎಲ್ಲ ಸರಿ, ದುಡ್ಡು ಎಲ್ಲಿಂದ ಬಂತು ಅಂತ ಯಾರೂ ಕೇಳಲ್ವಾ? ಅಪ್ಪನೇ ದೊಡ್ಡ ಉದ್ಯಮಿ. ಅದರ ಮೇಲೆ ಬಹಾಮಾಸ್‌ನ ಗ್ರ್ಯಾಂಡ್ ಬಹಾಮಾ ದ್ವೀಪದಲ್ಲಿರುವ ಫ್ರೀಪೋರ್ಟ್ ಅನ್ನುವ ಊರು. 1955ರ ಒಪ್ಪಂದದಲ್ಲಿ ಸರ್ಕಾರ ಒಂದು ಖಾಸಗಿ ಕಂಪನಿಗೆ 50,000 ಎಕರೆ ಕೊಟ್ಟು, ಸುಂಕ, ತೆರಿಗೆ ಎಲ್ಲಕ್ಕೂ ವಿನಾಯಿತಿ ಬರೆದುಕೊಟ್ಟಿತು. ಹೇವರ್ಡ್ ಅದರಲ್ಲಿ ಪಾಲುದಾರ. ತಾಯ್ನಾಡಿನ ಮೇಲೆ ಅಷ್ಟೊಂದು ಪ್ರೀತಿ, ವಾಸ ಮಾತ್ರ ತೆರಿಗೆ ಇಲ್ಲದ ಕಡೆ! ಇನ್ನೊಂದು ತಮಾಷೆ: ಆತನ ವಿಶ್ವಕಪ್ ನಡೆಯುತ್ತಿರುವಾಗಲೇ, 1973ರ ಜುಲೈ 10ಕ್ಕೆ, ಬಹಾಮಾಸ್ ಸ್ವತಂತ್ರವಾಗಿ ಅಲ್ಲಿ ಬ್ರಿಟಿಷ್ ಬಾವುಟ ಕೆಳಗಿಳಿಯಿತು.
ಕೇಳಿದವರಿಗೆಲ್ಲ ಕೊಡುವುದೂ ಒಳ್ಳೆಯದಲ್ಲ. ಬ್ರಿಟನ್‌ನ ಲಿಬರಲ್ ಪಕ್ಷದ ನಾಯಕ ಜೆರೆಮಿ ಥಾರ್ಪ್ ಕೇಳಿದಾಗ ಕೊಟ್ಟ ದುಡ್ಡಿನಲ್ಲಿ 20,000 ಪೌಂಡ್ ಎಲ್ಲಿಗೆ ಹೋಯಿತು ಅನ್ನುವುದು ಥಾರ್ಪ್ ಮೇಲೆ ನಡೆದ 1979ರ ಕೊಲೆಸಂಚಿನ ಕೇಸಿನಲ್ಲಿ ಕೋರ್ಟಿಗೆ ಬಂತು. ಥಾರ್ಪ್ ಖುಲಾಸೆಯಾದರು, ಹೇವರ್ಡ್ ಮೇಲೆ ಆರೋಪವೂ ಇರಲಿಲ್ಲ, ಸಾಕ್ಷಿ ಅಷ್ಟೆ. ಆದರೂ ಮರ್ಯಾದಸ್ಥ ಸಾಹುಕಾರನಿಗೆ ಬೇಕಿತ್ತಾ ಇದು?

ವುಲ್ವ್ಸ್ ಅಭಿಮಾನಿ:
ಲೆಕ್ಕ ಪಕ್ಕಾ ಅವರೇ, ತೆರಿಗೆ ವಿಷಯ ಒಪ್ಪಿದೆ. ಆದರೆ ಶೋಕಿಲಾಲ ಆಗಿದ್ದರೆ ಕೊಂಡದ್ದನ್ನು ಇಟ್ಟುಕೊಳ್ಳಬೇಕಿತ್ತಲ್ಲ? 1969ರಲ್ಲಿ 1,50,000 ಪೌಂಡ್ ಕೊಟ್ಟ ಇಂಗ್ಲೆಂಡ್‌ನ ಲಂಡಿ ದ್ವೀಪ ನ್ಯಾಷನಲ್ ಟ್ರಸ್ಟ್ ಅನ್ನುವ ಪರಂಪರೆ ಕಾಪಾಡುವ ಸಂಸ್ಥೆಗೆ ಹೋಯಿತು. ಹಡಗು ಬ್ರಿಸ್ಟಲ್‌ನಲ್ಲಿದೆ. ಇಟ್ಟುಕೊಂಡದ್ದು ತಮ್ಮೂರು ವುಲ್ವರ್‌ಹ್ಯಾಂಪ್ಟನ್‌ನ ಫುಟ್‌ಬಾಲ್ ಕ್ಲಬ್ ವುಲ್ವ್ಸ್ ಒಂದನ್ನೇ, ಅದೂ ಚಿಕ್ಕವರಿದ್ದಾಗ ಟಿಕೆಟ್ ಇಲ್ಲದೆ ಗೇಟಿನ ಕೆಳಗೆ ನುಸುಳಿ ಮ್ಯಾಚ್ ನೋಡುತ್ತಿದ್ದ ಕ್ಲಬ್. 1990ರಲ್ಲಿ ಕೊಂಡಾಗ ಸ್ಟೇಡಿಯಂ ಅರ್ಧ ಮುಚ್ಚಿತ್ತು. ಪೂರ್ತಿ ಕಟ್ಟಿಸಿದರು. ತಂಡ ಮಾತ್ರ ವರ್ಷ ವರ್ಷ ಹತ್ತಿರ ಬಂದು ಕೈಕೊಡುತ್ತಿತ್ತು, ಕೊನೆಗೆ 2003ರಲ್ಲಿ ಮೇಲಿನ ದರ್ಜೆಯ ಪ್ರೀಮಿಯರ್ ಲೀಗ್‌ಗೆ ಹೋಯಿತು, ಮುಂದಿನ ವರ್ಷವೇ ಕೆಳಗಿನ ದರ್ಜೆಗೆ ವಾಪಸ್ ಬಂತು (ನಮ್ಮ ಹಣೆಬರಹ). 2007ರಲ್ಲಿ ಮಾರಿದ್ದು ಎಷ್ಟಕ್ಕೆ ಗೊತ್ತಾ? 10 ಪೌಂಡ್. ಕೊಳ್ಳುವವನು ಕ್ಲಬ್‌ಗೆ 3 ಕೋಟಿ ಪೌಂಡ್ ಹಾಕಬೇಕು ಅನ್ನುವುದೊಂದೇ ಷರತ್ತು. ಅಂದಹಾಗೆ ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ದ ಬ್ರಿಟಿಷ್ ಸೈನ್ಯಕ್ಕೆ ಡಕೋಟಾ ವಿಮಾನದಲ್ಲಿ ಸಾಮಾನು ಸಾಗಿಸಿದವರು ಇವರು, ಬರೀ ಅಪ್ಪನ ದುಡ್ಡಿನ ಹುಡುಗ ಅಲ್ಲ.

ಲೆಕ್ಕ ಪಕ್ಕಾ:
10 ಪೌಂಡ್ ವಿಷಯ ಗೊತ್ತಿರಲಿಲ್ಲ. ಅದಕ್ಕೆ ಒಂದು ನಮಸ್ಕಾರ. ತೆರಿಗೆ ಬಗ್ಗೆ ನನ್ನ ಮಾತು ಹಾಗೇ ಇರಲಿ.

ಥರ್ಡ್ ಮ್ಯಾನ್:
ಎಲ್ಲರಿಗೂ ಥ್ಯಾಂಕ್ಸ್. ಉಕ್ಕಿನ ಹಡಗು ಸರ್, ಆ ಹಡಗನ್ನು ಈಗಲೂ ನೋಡಬಹುದಾ? ಹಾಸಿಗೆ ತುರುಕಿದ ಜಾಗ ಕಾಣುತ್ತಾ?

ಉಕ್ಕಿನ ಹಡಗು:
ನೋಡಬಹುದು, ಮ್ಯೂಸಿಯಂ ಆಗಿದೆ, ಮೈ ಮೇಲಿನ ಸೀಳು ಈಗಲೂ ಕಾಣುತ್ತದೆ. ಹಡಗಿನ ಸುತ್ತ ನೀರಿನ ಮಟ್ಟದಲ್ಲಿ ಗಾಜು ಹಾಸಿ ಮೇಲೆ ತೆಳ್ಳಗೆ ನೀರು ಬಿಟ್ಟಿದ್ದಾರೆ, ಮೇಲಿಂದ ನೋಡಿದರೆ ತೇಲುತ್ತಿರುವಂತೆ ಇರುತ್ತದೆ. ಗಾಜಿನ ಕೆಳಗೆ ಇಳಿದು ಹೋಗಿ ತಳ ನೋಡಿ. ತುಕ್ಕು ಜಾಸ್ತಿಯಾಗಬಾರದು ಅಂತ ಅಲ್ಲಿನ ಗಾಳಿಯ ತೇವವನ್ನು ಯಂತ್ರ ಹಾಕಿ 20 ಶೇಕಡಾಕ್ಕೆ ಇಳಿಸಿದ್ದಾರೆ, ಗಂಟಲು ಒಣಗುತ್ತದೆ.