ಪದಚರ್ಚೆ: ಎಂಜಿನ್ ‘ಸ್ಟಾಲ್’ ಆಗುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದೋಣಿಯ ಹಿಂಬದಿಗೆ ಬಿಗಿಯುವ ಹಳೆಯ ಎರಡು ಸ್ಟ್ರೋಕಿನ ಔಟ್‌ಬೋರ್ಡ್ ಎಂಜಿನ್ನೊಂದರ ದುರಸ್ತಿ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೈಪಿಡಿಗೆ ಇನ್ನೂ ಸಮಯವಿದೆ. ಆದರೆ ಎಂಜಿನ್ನಿನ ಮುಚ್ಚಳದ ಒಳಬದಿಗೆ ಅಂಟಿಸುವ ಅಂಗೈಯಗಲದ ಚೀಟಿಯೊಂದು ನಾಳೆ ಬೆಳಿಗ್ಗೆಯೇ ಅಚ್ಚಿಗೆ ಹೋಗಬೇಕಾಗಿದೆ, ಮತ್ತು ಅದರ ತಲೆಬರಹದಲ್ಲಿಯೇ ನಾನು ಸಿಕ್ಕಿಕೊಂಡಿದ್ದೇನೆ.

ದೋಷ ಹೀಗಿದೆ: ಎಂಜಿನ್ ಜೋರಾಗಿ ಓಡುವಾಗ ಯಾವ ತೊಂದರೆಯೂ ಇರುವುದಿಲ್ಲ, ಥ್ರಾಟಲ್ (ಎಂಜಿನ್ನಿನ ಓಟವನ್ನು ಏರಿಳಿಸುವ ಹಿಡಿ) ಇಳಿಸಿದ ಕೂಡಲೇ ಒಂದೆರಡು ಸಲ ಸೀನಿದಂತೆ ಸದ್ದು ಮಾಡಿ ತಾನಾಗಿಯೇ ಬಂದಾಗುತ್ತದೆ. ಇಂಗ್ಲಿಷಿನವರು ಇದನ್ನು ‘ಸ್ಟಾಲ್’ ಎಂಬ ಒಂದೇ ಪದದಲ್ಲಿ ಮುಗಿಸುತ್ತಾರೆ. ನಾನು ‘ಕಡಿಮೆ ವೇಗದಲ್ಲಿ ಎಂಜಿನ್ ನಿಲ್ಲುತ್ತದೆ’ ಎಂದು ಬರೆದಿದ್ದೆ. ಕರಡನ್ನು ಓದಿದ ಮೆಕ್ಯಾನಿಕ್ ಒಬ್ಬರು ಅದನ್ನು ಹೊಡೆದುಹಾಕಿ ‘ಸ್ಲೋದಲ್ಲಿ ಎಂಜಿನ್ ನಿಲ್ಲುವುದಿಲ್ಲ’ ಎಂದು ತಿದ್ದಿದರು. ನನ್ನದು ‘ನಿಲ್ಲುತ್ತದೆ’, ಅವರದು ‘ನಿಲ್ಲುವುದಿಲ್ಲ’. ಇಬ್ಬರೂ ಹೇಳುತ್ತಿರುವುದು ಅದೇ ದೋಷವನ್ನು. ಇಂಥ ಕ್ರಿಯಾಪದವನ್ನು ಚೀಟಿಯ ಮೇಲೆ ಹಾಕುವುದು ಹೇಗೆ? ‘ನಿಲುಗಡೆ’ ಎಂದರೆ ಬಸ್ಸು ನಿಲ್ಲುವ ಜಾಗ ನೆನಪಾಗುತ್ತದೆ. ಜೊತೆಗೆ ‘ಐಡ್ಲಿಂಗ್’ಗೂ, ಅಂದರೆ ಥ್ರಾಟಲ್ ಪೂರ್ತಿ ಇಳಿಸಿದಾಗ ಎಂಜಿನ್ ನಿಧಾನವಾಗಿ ಓಡುತ್ತಿರುವುದಕ್ಕೂ, ಒಂದು ಪದ ಬೇಕು. ದಯವಿಟ್ಟು ಇಂದೇ ತಿಳಿಸಿ.

ಉತ್ತರ 1

‘ಸ್ಥಗಿತಗೊಳ್ಳು’ ಇರುವಾಗ ಚರ್ಚೆಯ ಅಗತ್ಯವೇ ಇಲ್ಲ. ‘ಐಡ್ಲಿಂಗ್’ ಎಂದರೆ ‘ನಿಷ್ಕ್ರಿಯ ಚಾಲನೆ’. ಪಾರಿಭಾಷಿಕ ಪದಗಳನ್ನು ಗ್ಯಾರೇಜಿನ ಆಡುಮಾತಿನಿಂದ ಆರಿಸತೊಡಗಿದರೆ ಪ್ರತಿಯೊಬ್ಬ ಮೆಕ್ಯಾನಿಕ್ಕಿಗೂ ಒಂದೊಂದು ನಿಘಂಟು ಬೇಕಾದೀತು.

ಉತ್ತರ 2

‘ಸ್ಥಗಿತ’ಕ್ಕೆ ಸಂಸ್ಕೃತದಲ್ಲಿ ಮುಚ್ಚಿದ, ಮರೆಮಾಡಿದ ಎಂಬ ಅರ್ಥವಿದೆ. ಸಂಸ್ಕೃತವನ್ನೇ ತರಬೇಕೆನ್ನುವವರು ಅದನ್ನು ಸರಿಯಾಗಿಯಾದರೂ ತರಬೇಕು.

ಇಂಗ್ಲಿಷಿನ ‘ಸ್ಟಾಲ್’ ಪದದ ಬೇರನ್ನು ನೋಡಿ. ಹಳೆಯ ಇಂಗ್ಲಿಷಿನಲ್ಲಿ ಅದು ನಿಲ್ಲುವ ಜಾಗ, ದನ ನಿಲ್ಲುವ ಕೊಟ್ಟಿಗೆ. ಅಲ್ಲಿಂದಲೇ ಕದಲದೆ ನಿಂತುಬಿಡು ಎಂಬ ಹುರುಳು ಬಂದಿತು. ಹಾಗಾಗಿ ಕನ್ನಡದ ‘ನಿಲ್’ ಬೇರು ಅದಕ್ಕೆ ಸರಿಸಾಟಿಯಾಗಿದೆ. ಕೇಳಿದವರ ಮೊದಲ ಸಾಲೇ ಸರಿ, ಮೆಕ್ಯಾನಿಕ್ಕಿನ ತಿದ್ದುಪಡಿ ತಪ್ಪು. ಹಾಗೆಯೇ ‘ಐಡಲ್’ ಎಂಬುದರ ಮೂಲದಲ್ಲಿ ಬರಿದಾದ, ಟೊಳ್ಳಾದ ಎಂಬ ಹುರುಳಿದೆ, ‘ಬರಿಯೋಟ’ ಎನ್ನಬಹುದು. ಎಂಜಿನ್ನಿಗೆ ‘ಬಿಣಿಗೆ’ ಎನ್ನಿ, ಔಟ್‌ಬೋರ್ಡಿಗೆ ‘ಹೊರಗಟ್ಟು ಬಿಣಿಗೆ’ ಎನ್ನಿ. ಎರವಲು ಪದಗಳನ್ನು ಒಂದು ಚೀಟಿಯಲ್ಲಿಯಾದರೂ ಕೈಬಿಡದಿದ್ದರೆ ಕನ್ನಡ ಎಂದಿಗೂ ಕೆಲಸದ ನುಡಿಯಾಗುವುದಿಲ್ಲ.

ಉತ್ತರ 3

ಮೆಕ್ಯಾನಿಕ್ ಬರೆದದ್ದು ತಪ್ಪಲ್ಲ, ಮತ್ತು ಅದನ್ನು ತಪ್ಪೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಿರುವುದು ನನಗೆ ಸರಿಕಾಣಲಿಲ್ಲ. ‘ಮಳೆ ನಿಂತಿತು’ ಎಂದರೆ ಮಳೆ ಇಲ್ಲವಾಯಿತು. ‘ನೀರು ನಿಂತಿತು’ ಎಂದರೆ ನೀರು ಹರಿದುಹೋಗದೆ ಅಲ್ಲಿಯೇ ಉಳಿಯಿತು. ಕನ್ನಡದ ನಿಲ್ಲುವಿಕೆಯಲ್ಲಿ ಮುಗಿಯುವುದೂ ಇದೆ, ಉಳಿಯುವುದೂ ಇದೆ. ‘ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ’ ಎಂಬಲ್ಲಿ ಯಾವ ಅರ್ಥವಿದೆಯೋ ‘ಸ್ಲೋದಲ್ಲಿ ಎಂಜಿನ್ ನಿಲ್ಲುವುದಿಲ್ಲ’ ಎಂಬಲ್ಲಿಯೂ ಅದೇ ಇದೆ: ಆ ನಿಧಾನದ ಓಟವನ್ನು ಎಂಜಿನ್ ಹಿಡಿದಿಟ್ಟುಕೊಳ್ಳಲಾರದು. ಎರಡೂ ವಾಕ್ಯಗಳು ಒಳ್ಳೆಯ ಕನ್ನಡವೇ. ಹಾಗಿರುವುದರಿಂದಲೇ ಎರಡನ್ನೂ ಚೀಟಿಯಿಂದ ದೂರವಿಡಬೇಕು, ಏಕೆಂದರೆ ಓದುವವನು ಎರಡರಲ್ಲಿ ಯಾವ ಅಭ್ಯಾಸದವನೆಂದು ನಮಗೆ ತಿಳಿಯುವುದಿಲ್ಲ. ‘ಸ್ಟಾಲ್’ ಪದ ಕೊಟ್ಟಿಗೆಯಿಂದ ಬಂದಿತೆಂಬ ವ್ಯುತ್ಪತ್ತಿ ನಿಜವೇ ಇರಲಿ, ಅದರಿಂದ ಈ ತೊಡಕು ಬಿಡಿಸಿಕೊಳ್ಳುವುದಿಲ್ಲ. ಇಂಗ್ಲಿಷ್ ಪದದ ಬೇರು ಕನ್ನಡದ ಪದ ಯಾವ ಅರ್ಥವನ್ನು ಕೊಡಬೇಕೆಂದು ಹೇಳಲಾರದು.

ಒಂದನೆಯ ಉತ್ತರದ ‘ಸ್ಥಗಿತ’ದ ಬಗ್ಗೆ ನನ್ನ ಆಕ್ಷೇಪ ಬೇರೆ ರೀತಿಯದು. ಸಂಸ್ಕೃತದಲ್ಲಿ ಅದಕ್ಕೆ ಏನೇ ಅರ್ಥವಿದ್ದರೂ ಕನ್ನಡದಲ್ಲಿ ಅದು ‘ನಿಂತ’ ಎಂದೇ ಬಳಕೆಯಾಗಿದೆ. ಆ ಬಳಕೆಯನ್ನು ಇನ್ನು ಪ್ರಶ್ನಿಸಿ ಫಲವಿಲ್ಲ. ಆದರೆ ಸ್ಥಗಿತಗೊಳ್ಳುವುದು ಕಾಮಗಾರಿ, ಸಂಚಾರ, ಮಾತುಕತೆ. ಅಂದರೆ ಮತ್ತೆ ಯಾವಾಗ ಶುರುವಾಗುವುದೋ ಹೇಳಲಾಗದಂಥವು. ಹಗ್ಗವನ್ನು ಒಮ್ಮೆ ಎಳೆದರೆ ಈ ಎಂಜಿನ್ ಮರುಕ್ಷಣವೇ ಶುರುವಾಗಿ ಮತ್ತೆ ಅದೇ ಜಾಗದಲ್ಲಿ ಸೋಲುತ್ತದೆ.

‘ಆರು’ ಎಂಬುದನ್ನು ಇನ್ನೂ ಯಾರೂ ಸೂಚಿಸಿಲ್ಲ, ಆದರೂ ಮೊದಲೇ ಹೇಳಿಬಿಡುತ್ತೇನೆ. ದೀಪ ಆರುತ್ತದೆ, ಒಲೆ ಆರುತ್ತದೆ, ಎಂಜಿನ್ನೂ ಏಕೆ ಆರಬಾರದು ಎಂದು ಹಿಂದೊಮ್ಮೆ ನಾನೇ ಒಂದು ಪಂಪ್‌ಸೆಟ್ಟಿನ ಕೈಪಿಡಿಯಲ್ಲಿ ‘ಎಂಜಿನ್ ಆರಿದರೆ ಪ್ಲಗ್ ತೆಗೆದು ನೋಡಿ’ ಎಂದು ಬರೆದೆ. ಅದನ್ನು ಓದಿದವರು ಎಂಜಿನ್ ತಣ್ಣಗಾಗಲೆಂದು ಅರ್ಧ ಗಂಟೆ ಕಾದು ಕುಳಿತರು. ಬಿಸಿಯಾದ ವಸ್ತುವಿನ ವಿಷಯದಲ್ಲಿ ‘ಆರು’ ಎಂದರೆ ಮೊದಲು ತೋಚುವುದೇ ತಣಿಯುವುದು, ಮತ್ತು ಈ ತಪ್ಪನ್ನು ಇನ್ನೊಬ್ಬರು ಮಾಡುವ ಅಗತ್ಯವಿಲ್ಲ.

ನನ್ನ ಸೂಚನೆ ‘ನಿಂತುಹೋಗು’ ಎಂಬುದು. ಇದು ‘ನಿಲ್ಲು’ ಎಂಬುದರದೇ ಉದ್ದನೆಯ ರೂಪವೆಂದು ದಯವಿಟ್ಟು ತಳ್ಳಿಹಾಕಬೇಡಿ. ಒಡೆದುಹೋಯಿತು, ಕಳೆದುಹೋಯಿತು, ಮರೆತುಹೋಯಿತು ಎಂಬಲ್ಲೆಲ್ಲ ಈ ‘ಹೋಗು’ ಮಾಡುವ ಕೆಲಸವನ್ನು ಗಮನಿಸಿ: ಯಾರೂ ಬಯಸದೆ, ಯಾರೂ ಮಾಡದೆ, ಕೈಮೀರಿ ಆದದ್ದನ್ನು ಅದು ಹೇಳುತ್ತದೆ. ಎಂಜಿನ್ನನ್ನು ನಾವು ನಿಲ್ಲಿಸುತ್ತೇವೆ. ನಮ್ಮ ಇಚ್ಛೆಗೆ ವಿರುದ್ಧವಾಗಿ ಅದು ನಿಂತುಹೋಗುತ್ತದೆ. ಇಂಗ್ಲಿಷಿಗೆ ಈ ವ್ಯತ್ಯಾಸವನ್ನು ಹೇಳಲು ಬೇರೊಂದು ಪದವೇ ಬೇಕಾಯಿತು, ನಮಗೆ ಒಂದು ಸಹಾಯಕ ಕ್ರಿಯಾಪದ ಸಾಕು. ಇನ್ನೂ ಒಂದು ಲಾಭವಿದೆ. ‘ಉಳಿಯುವ’ ಅರ್ಥ ‘ನಿಂತುಹೋಗು’ ಎಂಬುದಕ್ಕೆ ಅಂಟುವುದಿಲ್ಲ: ‘ಕೈಯಲ್ಲಿ ದುಡ್ಡು ನಿಂತುಹೋಗುವುದಿಲ್ಲ’ ಎಂದು ಯಾರೂ ಹೇಳುವುದಿಲ್ಲ. ಮೆಕ್ಯಾನಿಕ್ಕಿನ ವಾಕ್ಯಕ್ಕೂ ನಿಮ್ಮ ವಾಕ್ಯಕ್ಕೂ ಇದ್ದ ಜಗಳ ಅಲ್ಲಿಗೆ ತೀರುತ್ತದೆ.

ಚೀಟಿಯಲ್ಲಿ ‘ಕಡಿಮೆ ವೇಗ’ ಎಂದಿರುವುದು ನನಗೆ ‘ನಿಲ್ಲು’ ಎಂಬುದಕ್ಕಿಂತ ಹೆಚ್ಚು ಆತಂಕ ತಂದಿದೆ. ಯಾವುದರ ವೇಗ? ಹೊರೆ ಹೇರಿದ ದೋಣಿ ಎದುರುಗಾಳಿಗೆ ತೆವಳುತ್ತಿರುವಾಗಲೂ ಎಂಜಿನ್ ಪೂರ್ತಿ ಜೋರಾಗಿ ತಿರುಗುತ್ತಿರಬಹುದು. ಇಲ್ಲಿ ಕಡಿಮೆಯಾಗಿರುವುದು ಕ್ರ್ಯಾಂಕಿನ (ಎಂಜಿನ್ನಿನೊಳಗೆ ತಿರುಗುವ ದಂಡದ) ತಿರುಗುವಿಕೆ, ಅದಕ್ಕೆ ಕನ್ನಡದಲ್ಲಿ ‘ಸುತ್ತು’ ಎಂಬ ಪದ ಚೆನ್ನಾಗಿಯೇ ಇದೆ: ನಿಮಿಷಕ್ಕೆ 700 ಸುತ್ತು, 5,000 ಸುತ್ತು. ಇಂಧನ ಮತ್ತು ಗಾಳಿಯ ಮಿಶ್ರಣದ ತಿರುಪನ್ನು ಒಂದೂವರೆ ಸುತ್ತು ಹೊರಕ್ಕೆ ತಿರುಗಿಸಿ ಎನ್ನುವಾಗಲೂ ಇದೇ ಪದ ಬರುತ್ತದೆ, ಆದರೆ ಅಲ್ಲಿ ತಿರುಪು ಕಣ್ಣೆದುರಿಗೇ ಇರುವುದರಿಂದ ಗೊಂದಲವಾಗದು.

ಇನ್ನು ‘ಮಾತ್ರ’ ಎಂಬ ಎರಡಕ್ಷರ. ಅದನ್ನು ತಲೆಬರಹದಲ್ಲಿ ಸೇರಿಸಲೇಬೇಕು. ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿತಿರುಪು ಮುಚ್ಚಿಕೊಂಡಿದ್ದರೂ ಎಂಜಿನ್ ನಿಂತುಹೋಗುತ್ತದೆ, ಆದರೆ ಅದು ಸುತ್ತನ್ನು ನೋಡಿ ನಿಂತುಹೋಗುವುದಿಲ್ಲ. ಇಂಧನ ಖರ್ಚಾದಂತೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು, ಜೋರಾಗಿ ಓಡಿಸಿದಷ್ಟೂ ಬೇಗ ಇಂಧನದ ಹರಿವು ಕಟ್ಟುತ್ತದೆ. ಕಡಿಮೆ ಸುತ್ತಿನಲ್ಲಿ ಮಾತ್ರ ನಿಂತುಹೋದರೆ ಮೊದಲು ನೋಡಬೇಕಾದದ್ದು ಇಂಧನವನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬರೇಟರಿನ ಚಿಕ್ಕ ಜೆಟ್ಟು, ಅಂದರೆ ಇಂಧನ ಹಾಯುವ ಸಣ್ಣ ರಂಧ್ರದ ಭಾಗ. ತಿಂಗಳುಗಟ್ಟಲೆ ಓಡದ ಎಂಜಿನ್ನಿನಲ್ಲಿ ಹಳತಾದ ಪೆಟ್ರೋಲು ಆವಿಯಾಗಿ ಅಂಟಿನಂಥ ಕಂದು ಪದರ ಉಳಿಯುತ್ತದೆ, ಮತ್ತು ಅದು ಮೊದಲು ಕಟ್ಟುವುದು ಸೂಜಿಮೊನೆಯಷ್ಟೇ ಇರುವ ಆ ರಂಧ್ರವನ್ನು. ಥ್ರಾಟಲ್ ಏರಿಸಿದಾಗ ದೊಡ್ಡ ಜೆಟ್ಟಿನಿಂದ ಇಂಧನ ಬರುವುದರಿಂದ ದೋಷ ಮರೆಯಾಗುತ್ತದೆ. ನೀವು ಹೇಳಿದ ಸೀನಿದಂಥ ಸದ್ದು ಕೂಡ ಮಿಶ್ರಣದಲ್ಲಿ ಇಂಧನ ಸಾಲದಿರುವುದರ ಗುರುತು, ಮತ್ತು ‘ಸೀನು’ ಎಂಬ ಕ್ರಿಯಾಪದವನ್ನು ಹಾಗೆಯೇ ಉಳಿಸಿಕೊಳ್ಳಿ. ಕಾರ್ಬರೇಟರಿನ ಬಾಯಿಯಿಂದ ಹೊಮ್ಮುವ ಆ ಸದ್ದಿಗೆ ಅದಕ್ಕಿಂತ ಹತ್ತಿರದ ಪದ ನನಗೆ ತಿಳಿದಿಲ್ಲ.

ಕೈಪಿಡಿಯ ಒಳಗೆ ಹೋದಾಗ ಮತ್ತೊಂದು ಕ್ರಿಯಾಪದದ ಬಗ್ಗೆ ಎಚ್ಚರವಿರಲಿ. ಮಿಶ್ರಣದ ತಿರುಪನ್ನು ಒಳಕ್ಕೆ ತಿರುಗಿಸುವಾಗ ‘ಬಿಗಿ ಮಾಡಿ’ ಎಂದು ಬರೆದರೆ ಓದಿದವನು ಬಿಗಿಯಾಗಿಯೇ ಮಾಡುತ್ತಾನೆ, ಆ ತಿರುಪಿನ ತುದಿಯ ಸೂಜಿಯ ಮೊನೆಯಲ್ಲಿ ಗೀರು ಬಿದ್ದು ಮುಂದೆ ಎಷ್ಟು ತಿರುಗಿಸಿದರೂ ಮಿಶ್ರಣ ಹದಕ್ಕೆ ಬರುವುದಿಲ್ಲ. ‘ಮೆಲ್ಲನೆ ತಾಗುವವರೆಗೆ’ ಎಂದು ಬರೆಯಿರಿ. ಕನ್ನಡದಲ್ಲಿ ತಾಗುವುದಕ್ಕೂ ಬಿಗಿಯುವುದಕ್ಕೂ ಇರುವ ಅಂತರ ಒಂದು ಕಾರ್ಬರೇಟರನ್ನು ಉಳಿಸುತ್ತದೆ.

‘ಐಡ್ಲಿಂಗ್’ ಬಗ್ಗೆ: ‘ನಿಷ್ಕ್ರಿಯ ಚಾಲನೆ’ ಖಂಡಿತ ಬೇಡ. ಎರಡು ಸ್ಟ್ರೋಕಿನ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಕಿಡಿ ಹೊತ್ತಿಸುತ್ತದೆ. ನಿಮಿಷಕ್ಕೆ 700 ಸಲ ಉರಿಯುತ್ತಿರುವುದನ್ನು ನಿಷ್ಕ್ರಿಯವೆನ್ನುವುದು ಸುಳ್ಳು. ‘ಬರಿಯೋಟ’ ಕಿವಿಗೆ ಹಿತವಾಗಿದೆ, ಆದರೆ ಔಟ್‌ಬೋರ್ಡಿಗೆ ಹೊಂದದು, ಏಕೆಂದರೆ ಇಲ್ಲಿ ಐಡ್ಲಿಂಗನ್ನು ಹದಗೊಳಿಸಬೇಕಾದದ್ದು ನೀರಿನಲ್ಲಿ, ಗೇರಿಗೆ ಹಾಕಿ, ಪ್ರೊಪೆಲರಿನ ಭಾರ ಹೊತ್ತಿರುವಾಗ. ಗೇರಿಲ್ಲದೆ ಚೆನ್ನಾಗಿ ಓಡಿ ಗೇರಿಗೆ ಬಿದ್ದೊಡನೆ ನಿಂತುಹೋಗುವ ಎಂಜಿನ್ನುಗಳನ್ನು ಕಂಡವರು ಆ ಓಟವನ್ನು ‘ಬರಿ’ ಎನ್ನಲಾರರು. ಐಡ್ಲಿಂಗ್ ಎಂದೇ ಇಟ್ಟು, ಮೊದಲ ಸಲ ಬಂದಲ್ಲಿ ‘ಥ್ರಾಟಲ್ ಪೂರ್ತಿ ಇಳಿಸಿದಾಗಿನ ಓಟ’ ಎಂದು ಬಿಡಿಸಿ ಹೇಳಿ.

‘ಬಿಣಿಗೆ’ಯನ್ನು ಕಟ್ಟಿದವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಕನ್ನಡ ಎರವಲು ಪಡೆದು ಕೆಟ್ಟ ಭಾಷೆಯಲ್ಲ. ಹೊರಗಿನ ಪದ ಒಳಗೆ ಬರುವಾಗ ಹೇಗೆ ಮೈ ಬದಲಿಸುತ್ತದೆ ಎಂಬುದಕ್ಕೇ ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ಅಪಭ್ರಂಶವೆಂಬ ಒಂದು ಪ್ರಕರಣವನ್ನು ಮೀಸಲಿಟ್ಟ. ಯಂತ್ರ ‘ಜಂತ್ರ’ವಾದಂತೆ ಇಂದು ಪ್ಲಗ್ಗು, ಜೆಟ್ಟು, ಟ್ಯಾಂಕು ಕೊನೆಗೊಂದು ಉಕಾರ ಪಡೆದು ಎಲ್ಲ ವಿಭಕ್ತಿಗಳನ್ನೂ ಹೊರುತ್ತಿವೆ. ಭಾಗದ ಹೆಸರು ಅಂಗಡಿಯವನಿಗೆ ಅರ್ಥವಾಗಬೇಕು, ಅದು ಎರವಲಾಗಿರಲಿ. ಆ ಭಾಗ ಏನು ಮಾಡಿತು, ಏನಾಯಿತು, ನಾವೇನು ಮಾಡಬೇಕು ಎಂಬುದು ಕನ್ನಡದ ಕ್ರಿಯಾಪದದಲ್ಲಿ ಇರಬೇಕು. ‘ಸ್ಟಾಲ್ ಆಗುತ್ತದೆ’ ಎಂದು ಬರೆಯುವುದನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ನುಡಿ ಕೆಲಸದ ನುಡಿಯಾಗುವುದು ಅದರ ಕ್ರಿಯಾಪದಗಳಿಂದ.

ಉತ್ತರ 4 (ಎರಡನೆಯ ಉತ್ತರ ಬರೆದವರಿಂದ)

‘ನಿಂತುಹೋಗು’ ಒಪ್ಪಿದೆ, ‘ಮಳೆ ನಿಂತಿತು, ನೀರು ನಿಂತಿತು’ ನನಗೆ ಹೊಳೆದಿರಲಿಲ್ಲ. ಮೆಕ್ಯಾನಿಕ್ಕಿನ ಬಗ್ಗೆ ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಹೆಸರುಪದಗಳ ಮಾತು ಬೇರೆ. ‘ತಿರುಪು’ ಎಂದು ಬರೆಯುವವರು ಬಾಯಿಗೆ ‘ಸ್ಕ್ರೂ’ ಬರುತ್ತಿದ್ದರೂ ತಿರುಪನ್ನು ಆರಿಸಿಕೊಂಡಿದ್ದಾರೆ. ಆ ಆಯ್ಕೆ ಎಂಜಿನ್ನಿಗೆ ಏಕೆ ಸಲ್ಲದು ಎಂಬುದಕ್ಕೆ ನನಗೆ ಉತ್ತರ ಸಿಕ್ಕಿಲ್ಲ.

ಉತ್ತರ 5 (ಪ್ರಶ್ನೆ ಕೇಳಿದವರಿಂದ)

ಎಲ್ಲರಿಗೂ ಕೃತಜ್ಞತೆಗಳು. ಮೆಕ್ಯಾನಿಕ್ಕಿಗೆ ಓದಿ ಹೇಳಿದೆ. ‘ನಿಂತುಹೋಗುತ್ತದೆ’ ಎಂಬುದಕ್ಕೆ ಅವರು ತಕರಾರು ಮಾಡಲಿಲ್ಲ, ಆದರೆ ‘ಸೂಜಿ’ ಎಂದಿದ್ದಲ್ಲಿ ‘ನೀಡ್ಲು’ ಎಂದು ತಿದ್ದಿದರು. ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಅಚ್ಚಿಗೆ ಹೋಗುತ್ತಿರುವ ಸಾಲುಗಳು ಇವು:

‘ಕಡಿಮೆ ಸುತ್ತಿನಲ್ಲಿ ಮಾತ್ರ ಎಂಜಿನ್ ನಿಂತುಹೋಗುತ್ತಿದ್ದರೆ: ಕಾರ್ಬರೇಟರಿನ ಚಿಕ್ಕ ಜೆಟ್ಟನ್ನು ತೆಗೆದು ಶುಚಿಗೊಳಿಸಿ. ಮಿಶ್ರಣದ ನೀಡ್ಲನ್ನು ಮೆಲ್ಲನೆ ತಾಗುವವರೆಗೆ ಒಳಕ್ಕೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ತನ್ನಿ. ಎಂಜಿನ್ ನೀರಿನಲ್ಲಿರುವಾಗ ಗೇರಿಗೆ ಹಾಕಿ ಐಡ್ಲಿಂಗ್ ಹದಗೊಳಿಸಿ. ನೀರಿಲ್ಲದೆ ಓಡಿಸಬೇಡಿ.’

ಕಾಗುಣಿತದ ತಪ್ಪಿದ್ದರೆ ರಾತ್ರಿ ಹತ್ತರೊಳಗೆ ತಿಳಿಸಿ.