ಹೂಳುವ ಜಾಗಕ್ಕೂ ‘ಸುಡುಗಾಡು’ ಅನ್ನೋದೇಕೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನವಳು. ಮೊನ್ನೆ ಸೋದರಮಾವನನ್ನು ಮಣ್ಣು ಮಾಡಿ ಬಂದೆವು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಆದರೂ ಅಜ್ಜಿ ಆ ಜಾಗಕ್ಕೆ ಅಂದದ್ದು ‘ಸುಡುಗಾಡು’. ಗೇಟಿನ ಹಸಿರು ಬೋರ್ಡಲ್ಲಿ ‘ರುದ್ರಭೂಮಿ’ ಅಂತಿತ್ತು, ‘ದ್ರ’ದ ಒತ್ತು ಅಳಿಸಿಹೋಗಿ ‘ರುದಭೂಮಿ’ ಆಗಿತ್ತು.

ಅವತ್ತಿಂದ ತಲೆಯಲ್ಲಿ ಇದೇ ಹುಳ. ‘ಮಸಣ’ ಸಂಸ್ಕೃತದ ‘ಶ್ಮಶಾನ’ದ ತದ್ಭವ. ಅದನ್ನು ಪ್ರಾಚೀನ ಪಂಡಿತ ಯಾಸ್ಕ, ವೇದದ ಪದಗಳ ಅರ್ಥ ಹೇಳುವ ತನ್ನ ‘ನಿರುಕ್ತ’ ಗ್ರಂಥದಲ್ಲಿ, ‘ಶ್ಮ’ ಅಂದರೆ ದೇಹ, ಅದು ಮಲಗುವ ಜಾಗ ಅಂತ ಬಿಡಿಸುತ್ತಾನೆ. ಅಲ್ಲಿ ಬೆಂಕಿಯ ಮಾತೇ ಇಲ್ಲ, ನೋಡಿ! ಸುಡುಗಾಡು ನಮ್ಮದೇ ಪದ: ಸುಡು + ಕಾಡು. ತಮಿಳರು ಸುಡುವುದಕ್ಕೆ ‘ಸುಡುಕಾಡು’, ಹೂಳುವುದಕ್ಕೆ ‘ಇಡುಕಾಡು’ ಅಂತ ಬೇರೆ ಬೇರೆ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಎರಡೂ ಒಂದೇ ಆಗಿಬಿಟ್ಟಿತಾ? ಈಗಂತೂ ಅದು ಜಾಸ್ತಿ ಬೈಗುಳವೇ. ಹಾಲು ಉಕ್ಕಿದರೂ ‘ಥೂ ಸುಡುಗಾಡು’, ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಕೊಂಡರೂ ‘ಸುಡುಗಾಡು ಟ್ರಾಫಿಕ್ಕು’.

ಹೂಳುವ ಜಾಗಕ್ಕೆ ಮಾತ್ರ ಬಳಸುವ ಹಳೆಯ ಕನ್ನಡ ಪದ ಇದೆಯಾ? ನಿಮ್ಮ ಊರ ಕಡೆ ಹಿರಿಯರು ಏನಂತಾರೆ? ಶಾಸನದಲ್ಲೋ ಹಳಗನ್ನಡ ಕಾವ್ಯದಲ್ಲೋ ಕಂಡಿದ್ದರೆ ಸಾಲು ಸಮೇತ ಹಾಕಿ. ಸುಮ್ನೆ ಊಹೆ ಆದರೆ ‘ಊಹೆ’ ಅಂತ ಬರೆದುಬಿಡಿ, ಅಜ್ಜಿ ಹತ್ತಿರ ನಾನು ವಾದ ಮಾಡಬೇಕು.