ಮನೆಯಲ್ಲೇ ಹೊಲಿದ ಟ್ರೆಕ್ಕಿಂಗ್ ಬ್ಯಾಗ್: ಭುಜದ ಪಟ್ಟಿ ಕಿತ್ತು ಬರುತ್ತಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ರಿಪ್‌ಸ್ಟಾಪ್ ನೈಲಾನ್ ಬಟ್ಟೆಯಲ್ಲಿ 40 ಲೀಟರ್ ಬ್ಯಾಗ್ ಹೊಲಿದಿದ್ದೇನೆ. ಫ್ರೇಮ್ ಇಲ್ಲ, ಸೊಂಟದ ಬೆಲ್ಟೂ ಇಲ್ಲ. ಕುಮಾರ ಪರ್ವತ ಹತ್ತುವಾಗ ಬಲಗಡೆಯ ಭುಜದ ಪಟ್ಟಿ ಮೇಲ್ತುದಿಯಲ್ಲಿ ಕಿತ್ತುಕೊಂಡಿತು. ದಾರಕ್ಕೆ ಏನೂ ಆಗಿಲ್ಲ, ಬಟ್ಟೆ ಮಾತ್ರ ಹೊಲಿಗೆ ಸಾಲಿನುದ್ದಕ್ಕೂ ಹರಿದಿದೆ. ಗಟ್ಟಿ ಇರಲಿ ಅಂತ ಅಲ್ಲೇ ಐದಾರು ಸಾಲು ಒತ್ತೊತ್ತಾಗಿ ಹೊಲಿದಿದ್ದೆ. ಇನ್ನೂ ದಪ್ಪ ದಾರ ಹಾಕಬೇಕಾ?

ಉತ್ತರ:
ದಪ್ಪ ದಾರ ಬೇಡ. ದಾರ ಉಳಿದು ಬಟ್ಟೆ ಹರಿದಿದೆ ಅಂದರೆ ತೊಂದರೆ ಇರುವುದು ಸೂಜಿಯ ತೂತುಗಳಲ್ಲಿ. ಒತ್ತೊತ್ತಾಗಿ ಹೊಲಿದಷ್ಟೂ ಬಟ್ಟೆ ಅಂಚೆಚೀಟಿಯ ಹಾಳೆಯ ಹಾಗೆ ಆಗುತ್ತದೆ, ಎಳೆದರೆ ಅದೇ ಗೆರೆಗೆ ಹರಿಯುತ್ತದೆ. ರಿಪ್‌ಸ್ಟಾಪ್‌ನ ಚೌಕುಳಿ ಎಳೆಗಳು ಸಣ್ಣ ಹರಕು ಹಬ್ಬದಂತೆ ತಡೆಯುತ್ತವೆ, ನಿಜ. ಆದರೆ ಸಾಲಾಗಿ ತೂತು ಬಿದ್ದ ಕಡೆ ಅವೂ ಕೈಕೊಡುತ್ತವೆ.

ಹಳೆ ಹೊಲಿಗೆ ಬಿಚ್ಚಿ. ಒಳಗಡೆಯಿಂದ ದಪ್ಪ ನೈಲಾನ್ ತುಂಡು ಕೊಡಿ. ಅದು ಬೆನ್ನಿನ ಪೂರ್ತಿ ಅಗಲಕ್ಕೆ ಬರಬೇಕು, ಎರಡೂ ತುದಿ ಪಕ್ಕದ ಹೊಲಿಗೆಯೊಳಗೆ ಸೇರಬೇಕು. ಇದರಲ್ಲಿ ಮಾತ್ರ ಜುಗ್ಗತನ ಬೇಡ. ಪುಟ್ಟ ತೇಪೆ ಹಾಕಿದರೆ ಭಾರವೆಲ್ಲ ತೇಪೆಯ ಅಂಚಿಗೆ ಬಿದ್ದು, ಮುಂದಿನ ಸಲ ಅಲ್ಲಿ ಹರಿಯುತ್ತದೆ. ಹೊರಗಡೆ 25 ಮಿ.ಮೀ. ನೈಲಾನ್ ಪಟ್ಟಿಯನ್ನು ಅಡ್ಡಕ್ಕೆ ಇಟ್ಟು, ಭುಜದ ಪಟ್ಟಿಯ ತುದಿಯನ್ನು ಅದರ ಕೆಳಗೆ ಮೂರು ಸೆಂ.ಮೀ.ನಷ್ಟು ತೂರಿಸಿ. ಸುತ್ತ ಚೌಕ, ಮಧ್ಯೆ ಕತ್ತರಿ ಗುರುತು ಬರುವಂತೆ ಹೊಲಿಯಿರಿ.

ಟಾಕಿನ ಉದ್ದ 3 ಮಿ.ಮೀ., 16 ನಂಬರ್ ಸೂಜಿ, ಪಾಲಿಯೆಸ್ಟರ್ ದಾರ. ಬಾಬಿನ್‌ಗೂ ಅದೇ ದಾರ ಸುತ್ತಿ, ಇದನ್ನು ಬಹಳ ಜನ ಮರೆಯುತ್ತಾರೆ. ಪದರ ದಪ್ಪವಾದ ಕಡೆ ಮೋಟಾರ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ. ಬೆಂಗಳೂರಿನವರಾದರೆ ಪಟ್ಟಿ, ಬಕಲ್‌ಗೆ ಚಿಕ್ಕಪೇಟೆ ಕಡೆ ಹುಡುಕಿ.

ಮರುಪ್ರಶ್ನೆ:
ತುಂಬಾ ಥ್ಯಾಂಕ್ಸ್. ಕೆಳತುದಿಗೂ ಹೀಗೇ ಮಾಡಬೇಕಾ?

ಉತ್ತರ:
ಅಲ್ಲಿ ಬೇರೆ. ಕೆಳಗಿನ ಪಟ್ಟಿ ಓರೆಯಾಗಿ ಎಳೆಯುತ್ತದೆ ಅಲ್ವಾ? ಪಟ್ಟಿಯನ್ನು ನೇರವಾಗಿ ಪಕ್ಕದ ಹೊಲಿಗೆಗೆ ಸಿಕ್ಕಿಸಿದರೆ ಅದರ ಒಂದೇ ಮೂಲೆ ಎಲ್ಲ ಭಾರ ಹೊರಬೇಕಾಗುತ್ತದೆ. ಬಟ್ಟೆಯನ್ನು ತ್ರಿಕೋನವಾಗಿ ಮಡಚಿ, ಪಟ್ಟಿಯನ್ನು ಅದರ ಚೂಪು ತುದಿಗೆ ಹೊಲಿದು, ಅಗಲದ ಬದಿಯನ್ನು ಪಕ್ಕದ ಹೊಲಿಗೆಗೆ ಸೇರಿಸಿ. ಪಟ್ಟಿಯ ಕತ್ತರಿಸಿದ ತುದಿಗೆ ಲೈಟರ್ ತೋರಿಸಿದರೆ ಎಳೆ ಬಿಡುವುದಿಲ್ಲ.

ಬೆಟ್ಟಕ್ಕೆ ಹೊರಡುವ ಮೊದಲು ಮನೆಯಲ್ಲೇ ಹತ್ತು ಕೆ.ಜಿ. ಅಕ್ಕಿ ತುಂಬಿ, ಒಂದೇ ಪಟ್ಟಿ ಹಿಡಿದು ಜಗ್ಗಿ ನೋಡಿ. ಆಮೇಲೆ ಹೊಲಿಗೆಯನ್ನು ಬೆಳಕಿಗೆ ಹಿಡಿಯಿರಿ. ಸೂಜಿಯ ತೂತುಗಳು ಉದ್ದಕ್ಕೆ ಹಿಗ್ಗಿದ್ದರೆ ಫೋಟೋ ಹಾಕಿ, ನೋಡೋಣ.